ಮುಳುಗುವ ಕಣಗಳು ಮತ್ತು ಆಳಸಾಗರದ ಇಂಗಾಲ

ಕಡಲಿನ ಮೇಲ್ಪದರದಲ್ಲಿ ಬಿಸಿಲಿನ ಬಲದಿಂದ ಹುಟ್ಟಿದ ಜೀವದ್ರವ್ಯದ ಒಂದು ಪಾಲು ಕೆಳಗಿಳಿಯುತ್ತದೆ. ಸತ್ತ ಜೀವಕೋಶ, ಹಿಕ್ಕೆ, ಚಿಪ್ಪು, ಲೋಳೆಯಲ್ಲಿ ಅಂಟಿಕೊಂಡ ಮುದ್ದೆ ಹೀಗೆ ಅದರ ರೂಪ ಹಲವು. ಇಳಿಯುವಾಗ ಅದು ತನ್ನೊಳಗಿನ ಇಂಗಾಲವನ್ನೂ ಒಯ್ಯುತ್ತದೆ. ಒಮ್ಮೆ ಗಾಳಿಯಲ್ಲಿದ್ದ ಇಂಗಾಲದ ಡೈಆಕ್ಸೈಡು ಈ ದಾರಿಯಿಂದ ಸಾವಿರಾರು ಮೀಟರ್ ಆಳ ಸೇರಿ, ನೂರಾರು ವರ್ಷ ಗಾಳಿಯ ಸಂಪರ್ಕಕ್ಕೆ ಬಾರದೆ ಉಳಿಯುತ್ತದೆ. ಸಾಗರವಿಜ್ಞಾನಿಗಳು ಇಡೀ ವ್ಯವಸ್ಥೆಯನ್ನು ಜೈವಿಕ ಪಂಪು ಎಂದು ಕರೆಯುತ್ತಾರೆ. ಭಾರತದ ಎರಡು ಬದಿಯ ಕಡಲುಗಳಲ್ಲಿ, ಅರಬ್ಬಿ ಸಮುದ್ರ ಮತ್ತು ಬಂಗಾಳ ಕೊಲ್ಲಿಗಳಲ್ಲಿ, ಈ ಕ್ರಿಯೆ ಎರಡು ಬೇರೆ ಬಗೆಯಲ್ಲಿ ನಡೆಯುತ್ತದೆ. ಅದರ ಬಗ್ಗೆ ನಮಗಿರುವ ತಿಳಿವಳಿಕೆಯ ಗಣನೀಯ ಭಾಗ ಈ ಎರಡು ಕಡಲುಗಳ ಹೋಲಿಕೆಯಿಂದಲೇ ಬಂದಿದೆ.

ಸಾಗರದ ಸಸ್ಯಪ್ಲವಕಗಳು ವರ್ಷಕ್ಕೆ ಸುಮಾರು 5000 ಕೋಟಿ ಟನ್ ಇಂಗಾಲವನ್ನು ಜೀವದ್ರವ್ಯವಾಗಿ ಕಟ್ಟುತ್ತವೆ. ನೆಲದ ಮೇಲಿನ ಕಾಡು, ಹೊಲ, ಹುಲ್ಲುಗಾವಲು ಎಲ್ಲ ಸೇರಿ ಮಾಡುವ ಕೆಲಸಕ್ಕೆ ಇದು ಹೆಚ್ಚು ಕಡಿಮೆ ಸಮ. ಇದರಲ್ಲಿ ಬಹುಪಾಲು ಮೇಲಿನ ನೂರು ಮೀಟರಿನೊಳಗೇ ಯಾರದೋ ಆಹಾರವಾಗಿ, ಉಸಿರಾಗಿ, ಮತ್ತೆ ಕರಗಿದ ಅನಿಲವಾಗುತ್ತದೆ. ಆ ಪದರ ದಾಟಿ ಕೆಳಗಿಳಿಯುವುದು ವರ್ಷಕ್ಕೆ 500ರಿಂದ 1200 ಕೋಟಿ ಟನ್ ಎಂಬ ಅಂದಾಜಿದೆ. ಅಂದಾಜಿನ ಎರಡು ತುದಿಗಳ ನಡುವೆ ಇಷ್ಟು ಅಂತರವಿರುವುದೇ ಈ ವಿಷಯ ಎಷ್ಟು ಕಠಿಣವೆಂಬುದನ್ನು ಹೇಳುತ್ತದೆ. ಕಡಲತಳದ ಕೆಸರಿನಲ್ಲಿ ಹೂತು ಉಳಿಯುವುದು ಮೇಲೆ ಉತ್ಪತ್ತಿಯಾದದ್ದರ ಶೇಕಡಾ ಒಂದಕ್ಕಿಂತ ಕಡಿಮೆ. ಆದರೂ ಫಲ ದೊಡ್ಡದು. ಕಡಲ ನೀರಿನಲ್ಲಿ ಕರಗಿರುವ ಅಜೈವಿಕ ಇಂಗಾಲ ಸುಮಾರು 38 ಲಕ್ಷ ಕೋಟಿ ಟನ್, ವಾತಾವರಣದಲ್ಲಿರುವುದರ ನಲವತ್ತು ಪಟ್ಟಿಗೂ ಹೆಚ್ಚು. ಮೇಲಿನ ನೀರಿಗಿಂತ ಆಳದ ನೀರಿನಲ್ಲಿ ಇಂಗಾಲ ಹೆಚ್ಚಿರುವಂತೆ ನೋಡಿಕೊಳ್ಳುವ ಮುಖ್ಯ ಕೆಲಸ ಈ ಪಂಪಿನದು. ಅದು ನಿಂತುಹೋದರೆ ಗಾಳಿಯ ಇಂಗಾಲದ ಡೈಆಕ್ಸೈಡು ಕಾಲಕ್ರಮದಲ್ಲಿ ಹತ್ತು ಲಕ್ಷಕ್ಕೆ 150ರಿಂದ 200 ಭಾಗದಷ್ಟು ಏರುತ್ತದೆಂದು ಗಣಿತ ಮಾದರಿಗಳು ತೋರಿಸಿವೆ. ಕೈಗಾರಿಕಾ ಯುಗಕ್ಕಿಂತ ಮೊದಲು ಗಾಳಿಯಲ್ಲಿದ್ದದ್ದೇ ಸುಮಾರು 280 ಭಾಗ ಎಂಬುದನ್ನು ನೆನೆದರೆ ಈ ಸಂಖ್ಯೆಯ ಗಾತ್ರ ತಿಳಿಯುತ್ತದೆ.

ಇಲ್ಲಿ ಒಂದು ಗೊಂದಲ ಪರಿಹಾರವಾಗಬೇಕು. ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನ ಸುಮಾರು ಕಾಲುಭಾಗವನ್ನು ಕಡಲು ಹೀರುತ್ತಿದೆ ಎಂಬ ಮಾತು ನಿಜ. ಆದರೆ ಅದು ಮುಖ್ಯವಾಗಿ ಅನಿಲವು ತಣ್ಣನೆಯ ನೀರಿನಲ್ಲಿ ಕರಗುವ, ಆ ನೀರು ಧ್ರುವಗಳ ಬಳಿ ಆಳಕ್ಕಿಳಿಯುವ ಭೌತ ಮತ್ತು ರಾಸಾಯನಿಕ ಕ್ರಿಯೆಯ ಫಲ. ಮುಳುಗುವ ಕಣಗಳ ಪಂಪು ಕಾರ್ಖಾನೆಗಳಿಗಿಂತ ಮೊದಲೂ ನಡೆಯುತ್ತಿತ್ತು. ಅಂದಿನ ಸಮತೋಲವನ್ನು ಕಟ್ಟಿಕೊಟ್ಟದ್ದು ಅದು. ಜನಪ್ರಿಯ ಬರಹಗಳಲ್ಲಿ ಇವೆರಡನ್ನೂ ಒಂದೇ ಎಂಬಂತೆ ಹೇಳುವುದುಂಟು. ಪಂಪಿನ ಬಲ ಮುಂದೆ ಬದಲಾದರೆ ಏನಾದೀತು ಎಂಬುದೇ ನಿಜವಾದ ಆತಂಕ.

ಕಣಗಳು

ಒಂಟಿ ಜೀವಕೋಶ ಆಳ ತಲುಪುವುದು ಅಪರೂಪ. ದಿನಕ್ಕೆ ಒಂದು ಮೀಟರಿನಂತೆ ಇಳಿಯುವ, ಡಯಾಟಮ್ ಎಂಬ ಸಣ್ಣ ಸಸ್ಯಪ್ಲವಕ ಒಂದಕ್ಕೆ 4000 ಮೀಟರ್ ತಲುಪಲು ಹನ್ನೊಂದು ವರ್ಷ ಬೇಕು. ಅಷ್ಟರೊಳಗೆ ಬ್ಯಾಕ್ಟೀರಿಯಾಗಳು ಅದನ್ನು ಮುಗಿಸಿರುತ್ತವೆ. ದಿನಕ್ಕೆ ನೂರು ಮೀಟರ್ ಇಳಿಯುವ ಮುದ್ದೆ ಅದೇ ದೂರವನ್ನು ನಲವತ್ತು ದಿನದಲ್ಲಿ ಕ್ರಮಿಸುತ್ತದೆ. ದ್ರವದಲ್ಲಿ ಮುಳುಗುವ ಸಣ್ಣ ಗೋಳದ ವೇಗ ಅದರ ವ್ಯಾಸದ ವರ್ಗಕ್ಕೂ ನೀರಿಗಿಂತ ಅದು ಎಷ್ಟು ಸಾಂದ್ರ ಎಂಬುದಕ್ಕೂ ಅನುಪಾತವಾಗಿರುತ್ತದೆ ಎಂಬ ಸ್ಟೋಕ್ಸ್ ನಿಯಮ ಇದಕ್ಕೆ ಆಧಾರ. ಕಣ ದೊಡ್ಡದಾಗಬೇಕು, ಇಲ್ಲವೇ ಭಾರವಾಗಬೇಕು, ಬೇರೆ ದಾರಿಯಿಲ್ಲ. ಕಡಲಲ್ಲಿ ಸಣ್ಣ ಕಣಗಳೇ ಲೆಕ್ಕವಿಲ್ಲದಷ್ಟಿದ್ದರೂ ಆಳಕ್ಕೆ ಸಾಗಣೆ ಮಾಡುವುದು ವಿರಳವಾದ ದೊಡ್ಡ ಕಣಗಳೇ ಎಂದು ಐ. ಎನ್. ಮೆಕೇವ್ 1975ರಲ್ಲಿ ವಾದಿಸಿದರು. ಭಾರತದ ಭೂರಸಾಯನ ವಿಜ್ಞಾನಿ ದೇವೇಂದ್ರ ಲಾಲ್ 1977ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಕಡಲಿನ ಕಣಲೋಕವನ್ನು ಕುರಿತು ಬರೆದ ದೀರ್ಘ ಲೇಖನ ಈ ಕ್ಷೇತ್ರದ ಆರಂಭಿಕ ಸಮೀಕ್ಷೆಗಳಲ್ಲೊಂದು.

ದೊಡ್ಡದಾಗುವ ಬಗೆ ಎರಡು. ಮೊದಲನೆಯದು ಅಂಟಿಕೊಳ್ಳುವುದು. ಸಸ್ಯಪ್ಲವಕಗಳು, ಅದರಲ್ಲೂ ಪೋಷಕಾಂಶ ಮುಗಿಯುತ್ತ ಬಂದ ಡಯಾಟಮ್‌ಗಳು, ಸಕ್ಕರೆಯ ಸರಪಳಿಗಳಿಂದಾದ ಲೋಳೆಯನ್ನು ಹೊರಬಿಡುತ್ತವೆ. ಈ ಲೋಳೆಯ ಪಾರದರ್ಶಕ ತುಣುಕುಗಳು ಕಡಲಲ್ಲಿ ಎಷ್ಟೊಂದು ಇವೆ ಎಂಬುದು 1993ರಲ್ಲಿ ಆಲಿಸ್ ಆಲ್‌ಡ್ರೆಜ್, ಊಟಾ ಪಾಸೊ ಮತ್ತು ಸಂಗಡಿಗರು ಬಣ್ಣ ಹಚ್ಚಿ ತೋರಿಸಿದ ಮೇಲೆಯೇ ಸ್ಪಷ್ಟವಾಯಿತು. ಲೋಳೆಗೆ ಸತ್ತ ಕೋಶ, ಹಿಕ್ಕೆಯ ಚೂರು, ಜೇಡಿಯ ಕಣ, ಬ್ಯಾಕ್ಟೀರಿಯಾ ಎಲ್ಲ ಅಂಟಿ ಅರ್ಧ ಮಿಲಿಮೀಟರಿಗಿಂತ ದೊಡ್ಡ ಮುದ್ದೆಗಳಾಗುತ್ತವೆ. ಇದೇ ಕಡಲ ಹಿಮ. ಜಪಾನಿನ ಹೊಕ್ಕೈಡೊ ವಿಶ್ವವಿದ್ಯಾಲಯದವರು 1950ರ ದಶಕದ ಆರಂಭದಲ್ಲಿ ಕುರೊಶಿಯೊ ಎಂಬ ವೀಕ್ಷಣಾ ಕೋಶದಲ್ಲಿ ಇಳಿದಾಗ ಕಿಟಕಿಯಾಚೆ ಬಿಳಿಯ ಹಳಕುಗಳು ತೇಲುತ್ತ ಇಳಿಯುವುದನ್ನು ಕಂಡು ಈ ಹೆಸರಿಟ್ಟರು.

ಎರಡನೆಯದು ತಿನ್ನಿಸಿಕೊಳ್ಳುವುದು. ಕೋಪೆಪಾಡ್‌ನಂಥ ಸಣ್ಣ ಸಂಧಿಪದಿಗಳು ಸಾವಿರಾರು ಸಸ್ಯಪ್ಲವಕಗಳನ್ನು ಮೇದು ಬಿಗಿಯಾದ ಹಿಕ್ಕೆ ಹಾಕುತ್ತವೆ. ಅದರ ಸುತ್ತ ತೆಳುಪೊರೆ ಇರುವುದರಿಂದ ಬೇಗ ಚದುರುವುದಿಲ್ಲ. ಜೆಲ್ಲಿಯಂತೆ ಕಾಣುವ ಸಾಲ್ಪ್‌ಗಳ ಹಿಕ್ಕೆ ದಿನಕ್ಕೆ ಸಾವಿರ ಮೀಟರಿನಷ್ಟು ವೇಗವಾಗಿ ಇಳಿಯಬಲ್ಲದು. ಅವು ಗುಂಪುಗೂಡಿದ ವಾರಗಳಲ್ಲಿ ಆಳಕ್ಕೆ ಒಮ್ಮೆಲೇ ದೊಡ್ಡ ಸರಬರಾಜು ಆಗುತ್ತದೆ. ಇದಲ್ಲದೆ ಹಗಲು ಆಳದಲ್ಲಿ ಅಡಗಿ ರಾತ್ರಿ ಮೇಲೆ ಬಂದು ಮೇಯುವ ಜೀವಿಗಳು ತಿಂದದ್ದನ್ನು ಹೊಟ್ಟೆಯಲ್ಲೇ ಕೆಳಗೆ ಒಯ್ಯುತ್ತವೆ. ಅಂಥ ಜೀವಿಗಳಾದ, ಮೈಮೇಲೆ ಬೆಳಕಿನ ಚುಕ್ಕಿಗಳಿರುವ ಲ್ಯಾಂಟರ್ನ್ ಮೀನುಗಳು ಅರಬ್ಬಿ ಸಮುದ್ರದಲ್ಲಿ ಅಪಾರವಾಗಿವೆ. ಅವುಗಳನ್ನು ದೊಡ್ಡ ಪ್ರಮಾಣದಲ್ಲಿ ಹಿಡಿಯುವ ಯೋಜನೆಗಳು ಬಂದಾಗ ಈ ಸಾಗಣೆಯ ಲೆಕ್ಕವನ್ನೂ ಮುಂದಿಟ್ಟುಕೊಳ್ಳಬೇಕು.

ಭಾರದ ಮಾತಿಗೆ ಬಂದರೆ, ಜೀವದ್ರವ್ಯ ಕಡಲ ನೀರಿಗಿಂತ ಅಷ್ಟೇನೂ ಸಾಂದ್ರವಲ್ಲ. ಕಡಲ ನೀರಿನ ಸಾಂದ್ರತೆ 1.025 ಆದರೆ ಜೀವದ್ರವ್ಯದ್ದು ಅದಕ್ಕಿಂತ ಸ್ವಲ್ಪವೇ ಹೆಚ್ಚು. ಡಯಾಟಮ್‌ನ ಗಾಜಿನಂಥ ಸಿಲಿಕಾ ಕವಚದ್ದು ಸುಮಾರು 2.1. ಫೊರಾಮಿನಿಫೆರಾ ಮತ್ತು ಕೊಕೊಲಿತೊಫೋರ್‌ಗಳ ಸುಣ್ಣದ ಚಿಪ್ಪಿನದು 2.7, ನದಿ ತಂದ ಜೇಡಿಯದೂ ಗಾಳಿ ತಂದ ಮರುಭೂಮಿಯ ಧೂಳಿನದೂ ಹೆಚ್ಚು ಕಡಿಮೆ ಅಷ್ಟೇ. ರಾಶಿ ತೂರುವಾಗ ಗಟ್ಟಿ ಕಾಳು ಕಾಲಬುಡದಲ್ಲೇ ಬಿದ್ದು ಜೊಳ್ಳು ಗಾಳಿಯ ಪಾಲಾಗುವಂತೆ, ಖನಿಜ ಸೇರಿದ ಮುದ್ದೆ ನೇರ ಇಳಿಯುತ್ತದೆ, ಸೇರದ್ದು ಮೇಲೆಯೇ ಅಲೆದಾಡುತ್ತದೆ. ಮುಳುಗುವ ಕಣಗಳನ್ನು ಹಿಡಿಯಲು ಆಳದಲ್ಲಿಟ್ಟ ಬಲೆಗಳಲ್ಲಿ ಸಿಕ್ಕ ಇಂಗಾಲಕ್ಕೂ ಖನಿಜಕ್ಕೂ ನಿಕಟ ಸಂಬಂಧವಿದೆ ಎಂದು 2002ರಲ್ಲಿ ಪ್ರಕಟವಾದ ಮೂರು ಸ್ವತಂತ್ರ ವಿಶ್ಲೇಷಣೆಗಳು ತೋರಿಸಿದವು. ಪಾಸೊ ಇದನ್ನು ತಿರುಗಿಸಿ ಕೇಳಿದರು: ಖನಿಜ ಇಂಗಾಲವನ್ನು ಒಯ್ಯುತ್ತಿದೆಯೋ, ಅಥವಾ ಅಂಟುವ ಲೋಳೆಯೇ ದಾರಿಯಲ್ಲಿ ಸಿಕ್ಕ ಖನಿಜವನ್ನೆಲ್ಲ ಹಿಡಿದುಕೊಂಡು ಇಳಿಯುತ್ತಿದೆಯೋ? ಚರ್ಚೆ ಇನ್ನೂ ಮುಗಿದಿಲ್ಲ. ಭಾರತದ ಕಡಲುಗಳ ಸಾಕ್ಷ್ಯ ಖನಿಜದ ಭಾರಕ್ಕೆ ಹೆಚ್ಚಿನ ಬೆಲೆ ಕೊಡುವಂತಿದೆ.

ಸುಣ್ಣದ ಚಿಪ್ಪಿಗೆ ಇನ್ನೊಂದು ಮುಖವಿದೆ. ಚಿಪ್ಪು ಕಟ್ಟುವ ರಾಸಾಯನಿಕ ಕ್ರಿಯೆಯಲ್ಲಿ ಒಂದು ಪಾಲು ಇಂಗಾಲದ ಡೈಆಕ್ಸೈಡು ಮೇಲಿನ ನೀರಿಗೆ ಬಿಡುಗಡೆಯಾಗುತ್ತದೆ. ಹಾಗಾಗಿ ಸುಣ್ಣ ಇಳಿಯುವುದೆಲ್ಲ ಗಾಳಿಗೆ ಲಾಭವಲ್ಲ. ಡಯಾಟಮ್‌ಗಳು ಹೆಚ್ಚಿರುವ ಕಡಲು ಕೊಕೊಲಿತೊಫೋರ್ ಹೆಚ್ಚಿರುವ ಕಡಲಿಗಿಂತ ಈ ದೃಷ್ಟಿಯಿಂದ ಮೇಲು.

ಇಳಿಯುವ ದಾರಿಯಲ್ಲಿ

ಕೆಳಗಿಳಿದಂತೆ ಕಣಗಳ ಇಂಗಾಲ ಬೇಗ ಬೇಗ ಕರಗುತ್ತದೆ. ಅಮೆರಿಕದ ಜಾನ್ ಮಾರ್ಟಿನ್ ಮತ್ತು ಸಂಗಡಿಗರು ಈಶಾನ್ಯ ಪೆಸಿಫಿಕ್ಕಿನಲ್ಲಿ ಬಲೆ ಇಳಿಸಿ ಪಡೆದ ಅಳತೆಗಳಿಂದ 1987ರಲ್ಲಿ ಒಂದು ಸರಳ ಸೂತ್ರ ಕೊಟ್ಟರು: ಆಳದ ಅನುಪಾತವನ್ನು 0.858ರ ಋಣಘಾತಕ್ಕೆ ಏರಿಸಿದರೆ ಉಳಿದ ಪಾಲು ಸಿಗುತ್ತದೆ. ನೂರು ಮೀಟರಿನಲ್ಲಿ ನೂರು ಭಾಗವಿದ್ದದ್ದು ಸಾವಿರ ಮೀಟರಿನಲ್ಲಿ ಸುಮಾರು 14 ಭಾಗ, ಮೂರು ಸಾವಿರದಲ್ಲಿ ಐದು ಭಾಗ. ಮಾರ್ಟಿನ್ ವಕ್ರರೇಖೆ ಎಂದು ಹೆಸರಾದ ಇದು ಇಂದಿಗೂ ಹವಾಮಾನ ಮಾದರಿಗಳಲ್ಲಿದೆ. ಆದರೆ ಘಾತದ ಸಂಖ್ಯೆ ಎಲ್ಲ ಕಡಲಿಗೂ ಒಂದೇ ಅಲ್ಲ ಎಂಬುದು ಈಗ ನಿಶ್ಚಿತ.

ಕರಗಿಸುವವರು ಯಾರು? ಮುದ್ದೆಗೆ ಅಂಟಿದ ಬ್ಯಾಕ್ಟೀರಿಯಾಗಳು ಹೊರಬಿಡುವ ಕಿಣ್ವಗಳು ಒಬ್ಬರು. ಫಾರೂಕ್ ಆಜಂ ಮತ್ತು ಸಂಗಡಿಗರು 1992ರಲ್ಲಿ ಕಂಡಂತೆ ಈ ಕಿಣ್ವಗಳು ಬ್ಯಾಕ್ಟೀರಿಯಾಗಳಿಗೆ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಪ್ರಮಾಣದಲ್ಲಿ ಕಣವನ್ನು ಕರಗಿಸಿ ಸುತ್ತಲ ನೀರಿಗೆ ಬಿಡುತ್ತವೆ. ಪ್ರಾಣಿಪ್ಲವಕಗಳು ಇನ್ನೊಬ್ಬರು, ತಿನ್ನುವುದು ಮಾತ್ರವಲ್ಲ, ಈಜುವಾಗ ಮುದ್ದೆಗಳನ್ನು ಒಡೆದು ಚೂರು ಮಾಡುತ್ತವೆ. ಚೂರಾದ ಕೂಡಲೆ ವೇಗ ಕಳೆದುಹೋಗುತ್ತದೆ. ತೇಲುವ ಆರ್ಗೋ ಮಾದರಿಯ ಯಂತ್ರಗಳ ಅಳತೆಯಿಂದ ನೇಥನ್ ಬ್ರಿಗ್ಸ್ ಮತ್ತು ಸಂಗಡಿಗರು 2020ರಲ್ಲಿ ಹೇಳಿದ ಪ್ರಕಾರ, ದಾರಿಯಲ್ಲಿ ನಷ್ಟವಾಗುವುದರ ಸುಮಾರು ಅರ್ಧಕ್ಕೆ ಈ ಒಡೆಯುವಿಕೆಯೇ ಕಾರಣ.

ಅಳೆಯುವ ಬಗೆ

ಆಳದ ಇಳಿತವನ್ನು ಹಿಡಿಯುವ ಮುಖ್ಯ ಸಾಧನ ಕಣಬಲೆ. ಅರ್ಧ ಚದರ ಮೀಟರ್ ಬಾಯಿಯ ಒಂದು ಆಲಿಕೆ, ಅದರ ಬುಡದಲ್ಲಿ ಗಡಿಯಾರದಂತೆ ತಿರುಗುವ ಬಾಟಲಿಗಳು. ಲಂಗರು ಹಾಕಿದ ಹಗ್ಗಕ್ಕೆ ಕಟ್ಟಿ ಆಳದಲ್ಲಿ ಬಿಟ್ಟರೆ ಪ್ರತಿ ಬಾಟಲಿಯೂ ಕೆಲವು ವಾರಗಳ ಇಳಿತವನ್ನು ಹಿಡಿದಿಡುತ್ತದೆ. ವುಡ್ಸ್ ಹೋಲ್ ಸಂಸ್ಥೆಯ ಸುಸುಮು ಹೊಂಜೊ ಇದನ್ನು ರೂಢಿಗೆ ತಂದವರಲ್ಲಿ ಪ್ರಮುಖರು. ಬಲೆಯಲ್ಲಿ ದೋಷಗಳೂ ಇವೆ: ಪ್ರವಾಹ ಜೋರಾದರೆ ಕಣಗಳು ಬಾಯಿಯ ಮೇಲಿಂದ ಹಾರಿಹೋಗುತ್ತವೆ, ಜೀವಂತ ಪ್ರಾಣಿಗಳು ತಾವಾಗಿ ಒಳಹೊಕ್ಕು ಲೆಕ್ಕ ಕೆಡಿಸುತ್ತವೆ. ಮೇಲಿನ ಕೆಲವು ನೂರು ಮೀಟರಿಗಿಂತ ಆಳದ ಶಾಂತ ನೀರಿನಲ್ಲಿ ಅವು ಹೆಚ್ಚು ನಂಬಲರ್ಹ.

ಮೇಲಿನ ಪದರಕ್ಕೆ ಇನ್ನೊಂದು ಉಪಾಯವಿದೆ, ಅದರ ಮೂಲ ಮುಂಬೈಯಲ್ಲಿದೆ. ಕಡಲ ನೀರಿನಲ್ಲಿ ಕರಗಿರುವ ಯುರೇನಿಯಂ-238 ನಿಧಾನವಾಗಿ ಕ್ಷಯಿಸಿ ಥೋರಿಯಂ-234 ಹುಟ್ಟುತ್ತದೆ. ಯುರೇನಿಯಂ ನೀರಿನಲ್ಲೇ ಉಳಿಯುತ್ತದೆ, ಥೋರಿಯಂ ಮಾತ್ರ ಎದುರಾದ ಕಣಕ್ಕೆ ಅಂಟಿಬಿಡುತ್ತದೆ. ಕಣ ಮುಳುಗಿದರೆ ಥೋರಿಯಂ ಕೂಡ ಹೋಯಿತು. ಮೇಲಿನ ನೀರಿನಲ್ಲಿ ಅದು ಇರಬೇಕಾದ್ದಕ್ಕಿಂತ ಎಷ್ಟು ಕಡಿಮೆಯಿದೆ ಎಂದು ಅಳೆದರೆ, ಹಿಂದಿನ ಕೆಲವು ವಾರಗಳಲ್ಲಿ ಎಷ್ಟು ಕಣ ಇಳಿದವು ಎಂದು ತಿಳಿಯಬಹುದು. ಥೋರಿಯಂ-234ರ ಅರ್ಧಾಯು 24.1 ದಿನ ಇರುವುದು ಈ ಲೆಕ್ಕಕ್ಕೆ ಹೇಳಿ ಮಾಡಿಸಿದಂತಿದೆ. ಕಡಲಲ್ಲಿ ಈ ಅಸಮತೋಲವನ್ನು ಮೊದಲು ಅಳೆದು 1969ರಲ್ಲಿ ಪ್ರಕಟಿಸಿದವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಭಟ್, ಕೃಷ್ಣಸ್ವಾಮಿ, ಲಾಲ್, ರಾಮಾ ಮತ್ತು ಅವರ ಜೊತೆಗಿದ್ದ ಅಮೆರಿಕದ ಮೂರ್. ಇಂದು ಜಗತ್ತಿನ ಎಲ್ಲ ಸಾಗರಗಳಲ್ಲಿ ಇಂಗಾಲದ ಇಳಿತ ಅಳೆಯುವವರು ಬಳಸುವ ಮುಖ್ಯ ವಿಧಾನಗಳಲ್ಲಿ ಇದೂ ಒಂದು. ನಮ್ಮ ವಿಜ್ಞಾನ ಪಠ್ಯಗಳಲ್ಲಿ ಈ ಕೆಲಸಕ್ಕೆ ಒಂದು ಪುಟವಾದರೂ ಸಿಗಬೇಕು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು 1990ರ ದಶಕದಲ್ಲಿ ಅರಬ್ಬಿ ಸಮುದ್ರಕ್ಕೂ ಇದನ್ನು ಅನ್ವಯಿಸಿದರು.

ಎರಡು ಕಡಲುಗಳು

ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆಯಲ್ಲಿ ಕನ್ನಡ ಮನೆಮಾತಿನ ಒಕ್ಕಲಿಗರೂ ಕಾಪ್ಪಿಲಿಯರೂ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡಿದ್ದಾರೆ. ಕಡಲು ಅಲ್ಲಿಂದ ಯಾವ ದಿಕ್ಕಿಗೂ ಹತ್ತಿರವಿಲ್ಲ. ಆದರೆ ಎರಡು ಕಡಲುಗಳ ನೀರನ್ನು ಬೇರ್ಪಡಿಸುವ ಗೆರೆ ಆ ಕಣಿವೆಯ ಪಶ್ಚಿಮದ ಬೆಟ್ಟಸಾಲಿನ ಮೇಲೆಯೇ ಹಾದುಹೋಗುತ್ತದೆ. ಆಚೆ ಬಿದ್ದ ಮಳೆ ಪೆರಿಯಾರ್ ಹಿಡಿದು ಅರಬ್ಬಿ ಸಮುದ್ರಕ್ಕೆ, ಈಚೆ ಬಿದ್ದದ್ದು ವೈಗೈ ಹಿಡಿದು ಪಾಕ್ ಕೊಲ್ಲಿಯತ್ತ. 1895ರಲ್ಲಿ ಮುಲ್ಲಪೆರಿಯಾರ್ ಅಣೆಕಟ್ಟು ಪೂರ್ಣಗೊಂಡಾಗ ಪೆರಿಯಾರಿನ ನೀರಿನ ಒಂದು ಪಾಲು ಸುರಂಗದ ಮೂಲಕ ಬೆಟ್ಟ ದಾಟಿ ಕಂಬಂ ಕಣಿವೆಗೆ ಇಳಿಯಿತು. ಪಡುವಣ ಕಡಲ ನೀರು ಮೂಡಣಕ್ಕೆ ತಿರುಗಿತು. ಉತ್ತರಕ್ಕೆ ದಿಂಡಿಗಲ್ ಜಿಲ್ಲೆಯ ವೇದಸಂದೂರಿನ ಬಳಿ ಹರಿಯುವ ಕುಡಗನಾರು ಅಮರಾವತಿಯನ್ನು ಸೇರುತ್ತದೆ, ಅಮರಾವತಿ ಕರೂರಿನ ಹತ್ತಿರ ಕಾವೇರಿಯನ್ನು. ಆ ಸೀಮೆಯ ಹೊಲದ ಮಣ್ಣು ಕೊಡಗಿನಿಂದ ಬಂದ ನೀರಿನೊಡನೆ ಬೆರೆತು ಬಂಗಾಳ ಕೊಲ್ಲಿಯ ಕಡೆಗೆ ಸಾಗುತ್ತದೆ. ಮಣ್ಣು ಹೋಗುವ ಕಡಲು, ಗಾಳಿ ಆಳುವ ಕಡಲು ಎಂದು ಎರಡನ್ನೂ ಗುರುತಿಸಬಹುದು.

ಅರಬ್ಬಿ ಸಮುದ್ರ ಗಾಳಿಯದು. ಮುಂಗಾರಿನ ನೈಋತ್ಯ ಗಾಳಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೊಮಾಲಿಯಾ, ಒಮಾನ್ ಕರಾವಳಿಗಳಗುಂಟ ಬೀಸಿ ಮೇಲಿನ ನೀರನ್ನು ದೂರ ತಳ್ಳುತ್ತದೆ. ಅದರ ಜಾಗಕ್ಕೆ ಪೋಷಕಾಂಶ ತುಂಬಿದ ತಣ್ಣನೆಯ ನೀರು ಕೆಳಗಿನಿಂದ ಬರುತ್ತದೆ, ಸಸ್ಯಪ್ಲವಕಗಳು ಹುಲುಸಾಗಿ ಬೆಳೆಯುತ್ತವೆ. ಕೇರಳ, ಕರ್ನಾಟಕ, ಗೋವಾ ತೀರಗಳಲ್ಲೂ ಚಿಕ್ಕ ಪ್ರಮಾಣದಲ್ಲಿ ಇದೇ ನಡೆಯುತ್ತದೆ. ಮಲ್ಪೆ, ಮಂಗಳೂರಿನ ಬೂತಾಯಿ ಮೀನಿನ ಸಮೃದ್ಧಿಯ ಹಿಂದೆ ಈ ನೀರಿದೆ. ಹಿಂಗಾರಿನ ಕಾಲಕ್ಕೆ ಒಣ ತಂಗಾಳಿ ಉತ್ತರ ಭಾಗದ ನೀರನ್ನು ತಣಿಸಿ ಕಲಕುವುದರಿಂದ ಇನ್ನೊಂದು ಸಣ್ಣ ಬೆಳೆ ಬರುತ್ತದೆ. ಇದರ ಬಗೆಯನ್ನು ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಮಧುಪ್ರತಾಪ್ ಮತ್ತು ಸಂಗಡಿಗರು 1996ರಲ್ಲಿ ನೇಚರ್ ಪತ್ರಿಕೆಯಲ್ಲಿ ವಿವರಿಸಿದರು.

ಈ ಬೆಳೆಯ ಎಷ್ಟು ಪಾಲು ಆಳಕ್ಕಿಳಿಯುತ್ತದೆ ಎಂಬುದು ಬಹುಕಾಲ ಗೊತ್ತಿರಲಿಲ್ಲ. ಬೆಳೆ ಜೋರಾಗಿರುವ ಜೂನ್, ಜುಲೈಯಲ್ಲೇ ಕಡಲು ಕೆರಳಿರುತ್ತದೆ. ಕರ್ನಾಟಕದ ಯಾಂತ್ರಿಕ ದೋಣಿಗಳೆಲ್ಲ ದಡ ಸೇರಿರುವ ಆ ತಿಂಗಳುಗಳಲ್ಲಿ ಸಂಶೋಧನಾ ಹಡಗಿಗೂ ಕೆಲಸ ಕಷ್ಟ. ಲಂಗರು ಹಾಕಿ ಬಿಟ್ಟುಬಂದ ಕಣಬಲೆಗೆ ಆ ತೊಡಕಿಲ್ಲ. ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯೂ ಜರ್ಮನಿಯ ಹ್ಯಾಂಬರ್ಗ್ ವಿಶ್ವವಿದ್ಯಾಲಯವೂ ಸೇರಿ 1986ರಲ್ಲಿ ಅರಬ್ಬಿ ಸಮುದ್ರದ ಪಶ್ಚಿಮ, ಮಧ್ಯ, ಪೂರ್ವ ಭಾಗಗಳಲ್ಲಿ ಬಲೆಗಳನ್ನು ಇಳಿಸಿದವು. ಪೂರ್ವದ ಬಲೆ ಗೋವಾ, ಕಾರವಾರಗಳಿಂದ ಪಡುವಣಕ್ಕೆ ನೂರಾರು ಕಿಲೋಮೀಟರ್ ದೂರದಲ್ಲಿತ್ತು. ಆರ್. ಆರ್. ನಾಯರ್, ವೇಣುಗೋಪಾಲನ್ ಇಟ್ಟೆಕ್ಕೋಟ್, ವಿ. ರಾಮಸ್ವಾಮಿ, ಹೊಂಜೊ ಮೊದಲಾದವರು 1989ರಲ್ಲಿ ನೇಚರ್‌ನಲ್ಲಿ ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು: ಮೂರು ಸಾವಿರ ಮೀಟರ್ ಆಳದಲ್ಲೂ ಇಳಿತವು ಮುಂಗಾರಿನೊಡನೆ ಏರಿ, ಮುಂಗಾರಿನೊಡನೆ ಇಳಿಯುತ್ತದೆ. ಹಿಂಗಾರಿನಲ್ಲಿ ಚಿಕ್ಕ ಏರಿಕೆ. ಕತ್ತಲ ಆಳ ಋತುವಿನ ಪರಿವೆಯಿಲ್ಲದೆ ನಿಶ್ಚಲವಾಗಿರುತ್ತದೆ ಎಂಬ ಹಳೆಯ ನಂಬಿಕೆಗೆ ಈ ಕಡಲಿನಲ್ಲಿ ಜಾಗವಿಲ್ಲವಾಯಿತು. ಜಂಟಿ ಜಾಗತಿಕ ಸಾಗರ ಹರಿವು ಅಧ್ಯಯನವೆಂಬ ಅಂತಾರಾಷ್ಟ್ರೀಯ ಯೋಜನೆ 1990ರ ದಶಕದ ನಡುವೆ ಅರಬ್ಬಿ ಸಮುದ್ರವನ್ನು ಆರಿಸಿಕೊಳ್ಳಲು ಇಂಥ ಫಲಿತಾಂಶಗಳು ದಾರಿ ಮಾಡಿದವು. ಭಾರತದ ಸಾಗರ ಕನ್ಯಾ ಹಡಗು ಅದರಲ್ಲಿ ದುಡಿಯಿತು.

ಅರಬ್ಬಿ ಸಮುದ್ರಕ್ಕೆ ಇನ್ನೊಂದು ವಿಶೇಷವಿದೆ. ಸುಮಾರು 150 ಮೀಟರಿನಿಂದ 1000 ಮೀಟರಿನವರೆಗಿನ ಪದರದಲ್ಲಿ ಆಮ್ಲಜನಕ ಬಹುತೇಕ ಇಲ್ಲ. ಇಳಿದುಬಂದ ಕಣಗಳನ್ನು ಕೊಳೆಸಿ ಕೊಳೆಸಿ ಅದು ಖಾಲಿಯಾಗಿದೆ. ಉತ್ತರಕ್ಕೆ ನೆಲವಿರುವುದರಿಂದ ಹೊಸ ನೀರು ಬರುವುದೂ ನಿಧಾನ. ಆಮ್ಲಜನಕವಿಲ್ಲದಲ್ಲಿ ಕಣ ಒಡೆಯುವ ಪ್ರಾಣಿಗಳು ಕಡಿಮೆ, ಕೊಳೆಯುವಿಕೆಯೂ ಮಂದ. ಹಾಗಾಗಿ ಇಲ್ಲಿ ಮಾರ್ಟಿನ್ ವಕ್ರರೇಖೆ ಹೇಳುವುದಕ್ಕಿಂತ ಹೆಚ್ಚು ಇಂಗಾಲ ಪದರವನ್ನು ದಾಟಿಹೋಗುತ್ತದೆ. ಆದರೆ ಬೆಲೆಯೂ ಇದೆ. ಅಲ್ಲಿಯ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ನೈಟ್ರೇಟನ್ನು ಬಳಸುತ್ತವೆ, ಆಗ ಪ್ರಬಲ ಹಸಿರುಮನೆ ಅನಿಲವಾದ ನೈಟ್ರಸ್ ಆಕ್ಸೈಡು ಹೊರಬರುತ್ತದೆ. ಮುಂಗಾರಿನ ಕೊನೆಗೆ ಆಮ್ಲಜನಕವಿಲ್ಲದ ನೀರು ಕರ್ನಾಟಕ, ಗೋವಾ ತೀರದ ತಿಟ್ಟಿನವರೆಗೂ ಬರುತ್ತದೆ. ಅಲ್ಲಿ ಈ ಅನಿಲ ಅತಿ ಹೆಚ್ಚು ಪ್ರಮಾಣದಲ್ಲಿ ಶೇಖರವಾಗುವುದನ್ನು ಎಸ್. ಡಬ್ಲ್ಯು. ಎ. ನಖ್ವಿ ಮತ್ತು ಸಂಗಡಿಗರು 2000ದಲ್ಲಿ ವರದಿ ಮಾಡಿದರು. ಕರಾವಳಿಯಾಚೆಯ ಇಳಿಜಾರಿನ ಕೆಸರಿನಲ್ಲಿ ಜೈವಿಕ ಇಂಗಾಲ ಏಕೆ ಹೆಚ್ಚಿದೆ, ಆಮ್ಲಜನಕದ ಕೊರತೆಯಿಂದಲೋ ಮೇಲಿನ ಬೆಳೆಯ ಸಮೃದ್ಧಿಯಿಂದಲೋ ಎಂಬ ವಿವಾದವೂ 1990ರ ದಶಕದಲ್ಲಿ ಇದೇ ತೀರವನ್ನು ಮುಂದಿಟ್ಟುಕೊಂಡು ನಡೆಯಿತು.

ಬಂಗಾಳ ಕೊಲ್ಲಿಯ ಕಥೆ ಬೇರೆ. ಗಂಗಾ, ಬ್ರಹ್ಮಪುತ್ರ, ಐರಾವತಿ, ಮಹಾನದಿ, ಗೋದಾವರಿ, ಕೃಷ್ಣಾ, ಕಾವೇರಿಗಳ ಸಿಹಿನೀರು ಉಪ್ಪುನೀರಿನ ಮೇಲೆ ಹಗುರವಾದ ಹೊದಿಕೆಯಂತೆ ಕೂರುತ್ತದೆ. ಗಾಳಿ ಅದನ್ನು ಕಲಕಲಾರದು, ಕೆಳಗಿನ ಪೋಷಕಾಂಶ ಮೇಲೆ ಬಾರದು. ಆದ್ದರಿಂದ ಬೆಳೆ ಅರಬ್ಬಿ ಸಮುದ್ರಕ್ಕಿಂತ ಕಡಿಮೆ. ಇಂಥ ಕಡಲಿನಲ್ಲಿ ಆಳಕ್ಕಿಳಿಯುವುದೂ ಕಡಿಮೆ ಇರಬೇಕೆಂದು ಯಾರಾದರೂ ಎಣಿಸುತ್ತಾರೆ. 1987ರಿಂದ ಕೊಲ್ಲಿಯ ಉತ್ತರ, ಮಧ್ಯ, ದಕ್ಷಿಣ ಭಾಗಗಳಲ್ಲಿ ಅದೇ ತಂಡ ಬಲೆ ಇಳಿಸಿದಾಗ ಕಂಡದ್ದು ಬೇರೆ. ಆಳ ತಲುಪುವ ಜೈವಿಕ ಇಂಗಾಲ ಅರಬ್ಬಿ ಸಮುದ್ರಕ್ಕೆ ಸಾಟಿಯಾಗುವಷ್ಟಿತ್ತು. ಇಟ್ಟೆಕ್ಕೋಟ್ ಮತ್ತು ಸಂಗಡಿಗರು 1991ರಲ್ಲಿ ಕೊಟ್ಟ ವಿವರಣೆ ನದಿಗಳ ಕಡೆಗೆ ಬೊಟ್ಟು ಮಾಡಿತು. ಗಂಗಾ, ಬ್ರಹ್ಮಪುತ್ರಗಳೇ ವರ್ಷಕ್ಕೆ ನೂರು ಕೋಟಿ ಟನ್ನಿನಷ್ಟು ಹೂಳು ತರುತ್ತವೆ. ಅದರ ನುಣ್ಣನೆಯ ಜೇಡಿ ಜೀವದ್ರವ್ಯದ ಮುದ್ದೆಗಳಿಗೆ ಅಂಟಿ, ಭಾರ ಕೊಟ್ಟು, ದಾರಿಯಲ್ಲಿ ಕೊಳೆಯಲು ಸಮಯ ಸಿಗದಂತೆ ಆಳಕ್ಕೆಳೆಯುತ್ತದೆ. ನದೀಮುಖಗಳಿಗೆ ಹತ್ತಿರವಾದ ಉತ್ತರದ ಬಲೆಯಲ್ಲಿ ಜೇಡಿ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ. ಆಳ ಸೇರುವ ಇಂಗಾಲವನ್ನು ಮೇಲಿನ ಹಸಿರಿನಿಂದ ಊಹಿಸಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರುವುದಿಲ್ಲ.

ಕೊಲ್ಲಿಯ ತಳದಲ್ಲಿ ಈ ಹೂಳು ಜಗತ್ತಿನ ಅತಿ ದೊಡ್ಡ ಕಡಲಡಿಯ ಮೆಕ್ಕಲು ಬೀಸಣಿಗೆಯಾಗಿ ಸುಮಾರು ಮೂರು ಸಾವಿರ ಕಿಲೋಮೀಟರ್ ಹರಡಿದೆ. ಹಿಮಾಲಯದಿಂದ ಕೊಚ್ಚಿಬಂದ ಎಲೆ, ಬೇರು, ಮಣ್ಣಿನ ಇಂಗಾಲದ ಬಹುಪಾಲು ಅಲ್ಲಿ ಕೊಳೆಯದೆ ಹೂತುಹೋಗುತ್ತಿದೆ ಎಂದು ವಲಿಯೆ ಗಾಲಿ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಕಡಲ ಕಣಗಳ ಇಂಗಾಲ ನೂರಾರು ವರ್ಷ ಉಳಿದರೆ, ಇದು ಉಳಿಯುವುದು ಲಕ್ಷಾಂತರ ವರ್ಷ.

ಕಾವೇರಿ, ವೈಗೈಗಳ ಪಾಲು ಇದರಲ್ಲಿ ಚಿಕ್ಕದು, ಈಗ ಇನ್ನೂ ಚಿಕ್ಕದಾಗಿದೆ. ಕನ್ನಂಬಾಡಿ ಕಟ್ಟೆ, 1934ರ ಮೆಟ್ಟೂರು, ವೈಗೈ ಅಣೆಕಟ್ಟು ಹೀಗೆ ಒಂದೊಂದು ಜಲಾಶಯವೂ ಹೂಳನ್ನು ಹಿಡಿದಿಡುತ್ತದೆ. ವೈಗೈ ನೀರು ಕಡಲು ಮುಟ್ಟುವುದೇ ಅಪರೂಪ. ಮುಟ್ಟಿದರೂ ಪಾಕ್ ಕೊಲ್ಲಿ ಕೆಲವೇ ಮೀಟರ್ ಆಳದ್ದು. ಅಲ್ಲಿ ಕಣ ತಳಕ್ಕೆ ಇಳಿಯುತ್ತದೆ, ಅಲೆ ಎದ್ದಾಗ ಮತ್ತೆ ಮೇಲೆ ಬರುತ್ತದೆ. ಗಾಳಿಯಿಂದ ಇಂಗಾಲವನ್ನು ದೂರವಿಡುವ ಆಳವೇ ಅಲ್ಲಿಲ್ಲ. ಆ ನೀರಿನಲ್ಲಿ ಇಂಗಾಲ ಹಿಡಿಯುವುದು ಕಡಲಹುಲ್ಲಿನ ಬಯಲು. ಅಣೆಕಟ್ಟುಗಳು ಹೂಳಿನ ಜೊತೆ ಡಯಾಟಮ್‌ಗಳಿಗೆ ಬೇಕಾದ ಸಿಲಿಕಾವನ್ನೂ ತಡೆಯುತ್ತವೆ. ನದಿಯ ಮಣ್ಣು ಕಡಲಿಗೆ ಹೋಗುವುದು ಬರೀ ನಷ್ಟವೆಂಬ ನಮ್ಮ ನೀರಾವರಿ ಲೆಕ್ಕಾಚಾರ ಈ ಕೆಲಸವನ್ನು ಗಣನೆಗೆ ತೆಗೆದುಕೊಂಡೇ ಇಲ್ಲ.

ಬದಲಾವಣೆಗಳು

ಕಡಲು ಬಿಸಿಯಾದಂತೆ ಪದರಗಳು ಬೇರೆಬೇರೆಯಾಗಿ, ಪೋಷಕಾಂಶ ಮೇಲೆ ಬರುವುದು ಕುಗ್ಗುತ್ತದೆಂದು ಹೆಚ್ಚಿನ ಮಾದರಿಗಳು ಹೇಳುತ್ತವೆ. ಆಳದ ಇಳಿತ ಎಷ್ಟು ತಗ್ಗುತ್ತದೆ ಎಂಬುದರಲ್ಲಿ ಅವುಗಳಿಗೆ ಒಮ್ಮತವಿಲ್ಲ. ಉತ್ತರ ಅರಬ್ಬಿ ಸಮುದ್ರದಲ್ಲಿ ಒಂದು ಬದಲಾವಣೆ ಈಗಾಗಲೇ ಕಣ್ಣಿಗೆ ಬಿದ್ದಿದೆ. ಚಳಿಗಾಲದಲ್ಲಿ ಡಯಾಟಮ್‌ಗಳು ಬೆಳೆಯುತ್ತಿದ್ದ ಜಾಗವನ್ನು 2000ದ ನಂತರದ ವರ್ಷಗಳಲ್ಲಿ ಹಸಿರು ನಾಕ್ಟಿಲ್ಯುಕಾ ಎಂಬ ಪ್ಲವಕಜೀವಿ ಆಕ್ರಮಿಸಿದೆ ಎಂದು ಹೆಲ್ಗಾ ಗೋಮ್ಸ್, ಜೋಕಿಂ ಗೋಯೆಸ್ ಮತ್ತು ಸಂಗಡಿಗರು 2014ರಲ್ಲಿ ಬರೆದರು. ಕರ್ನಾಟಕದ ಕಡಲತೀರದಲ್ಲಿ ಕೆಲವು ರಾತ್ರಿ ತೆರೆಗಳು ನೀಲಿಯಾಗಿ ಮಿನುಗುವುದೂ ನಾಕ್ಟಿಲ್ಯುಕಾದಿಂದಲೇ. ಇದನ್ನು ತಿನ್ನುವವು ಹೆಚ್ಚಾಗಿ ಸಾಲ್ಪ್ ಮತ್ತು ಜೆಲ್ಲಿ ಮೀನುಗಳು. ತಿನ್ನುವವರು ಬದಲಾದರೆ ಹಿಕ್ಕೆ ಬದಲಾಗುತ್ತದೆ, ಹಿಕ್ಕೆಯೊಡನೆ ಆಳದ ಇಳಿತವೂ.

ಪಂಪನ್ನು ಬೇಕೆಂದೇ ಜೋರು ಮಾಡುವ ಪ್ರಯತ್ನಗಳೂ ನಡೆದಿವೆ. ದಕ್ಷಿಣ ಸಾಗರದಲ್ಲಿ ಪೋಷಕಾಂಶವಿದ್ದೂ ಕಬ್ಬಿಣದ ಕೊರತೆಯಿಂದ ಬೆಳೆ ಬಾರದು ಎಂಬುದು ಮಾರ್ಟಿನ್ನರ ಇನ್ನೊಂದು ಸಿದ್ಧಾಂತ. 2004ರಲ್ಲಿ ಅಲ್ಲಿಯ ಒಂದು ಸುಳಿಯಲ್ಲಿ ಕಬ್ಬಿಣ ಬೆರೆಸಿದಾಗ ಡಯಾಟಮ್‌ಗಳು ಉಕ್ಕಿ ಬೆಳೆದವು. ಅದರ ಕನಿಷ್ಠ ಅರ್ಧದಷ್ಟು ಸಾವಿರ ಮೀಟರಿಗಿಂತ ಕೆಳಗೆ ಇಳಿಯಿತೆಂದು ವಿಕ್ಟರ್ ಸ್ಮೆಟಾಚೆಕ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದರು. 2009ರ ಜನವರಿಯಿಂದ ಮಾರ್ಚ್‌ವರೆಗೆ ನಡೆದ ಲೋಹಾಫೆಕ್ಸ್ ಭಾರತ, ಜರ್ಮನಿಗಳ ಜಂಟಿ ಪ್ರಯೋಗ; ನಖ್ವಿ ಮತ್ತು ಸ್ಮೆಟಾಚೆಕ್ ಅದರ ನಾಯಕರು, ಪೋಲಾರ್‌ಸ್ಟೆರ್ನ್ ಅದರ ಹಡಗು. ಪರಿಸರವಾದಿಗಳ ವಿರೋಧದಿಂದ ಜರ್ಮನ್ ಸರ್ಕಾರ ಕೆಲದಿನ ಅದನ್ನು ತಡೆದು ನಿಲ್ಲಿಸಿತ್ತು. ಸುಮಾರು 300 ಚದರ ಕಿಲೋಮೀಟರ್ ನೀರಿಗೆ ಕಬ್ಬಿಣ ಸೇರಿಸಿದರೂ ಫಲ ಅಲ್ಪ. ಅಲ್ಲಿ ಸಿಲಿಕಾ ಮೊದಲೇ ಮುಗಿದಿದ್ದರಿಂದ ಡಯಾಟಮ್ ಬೆಳೆಯಲಿಲ್ಲ, ಬೆಳೆದ ಸಣ್ಣ ಪ್ಲವಕಗಳನ್ನು ಕೋಪೆಪಾಡ್‌ಗಳು ತಿಂದು ಮುಗಿಸಿದವು, ಆಳಕ್ಕಿಳಿದದ್ದು ತೀರ ಸ್ವಲ್ಪ. ಪ್ರಯೋಗ ವಿಫಲವಾಯಿತೆಂದು ಬರೆದವರುಂಟು. ನನ್ನ ದೃಷ್ಟಿಯಲ್ಲಿ 2004ರದಕ್ಕಿಂತ ಇದು ಕಲಿಸಿದ್ದೇ ಹೆಚ್ಚು. ಕಬ್ಬಿಣ ಒಂದೇ ಸಾಲದು, ಯಾವ ಜೀವಿ ಬೆಳೆಯಿತು ಮತ್ತು ಅದನ್ನು ಯಾರು ತಿಂದರು ಎಂಬುದೇ ನಿರ್ಣಾಯಕ ಎಂದು ಅದು ಕೈಯಾರೆ ಮಾಡಿ ತೋರಿಸಿತು.

ವಾಣಿಜ್ಯ ಉದ್ದೇಶದ ಇಂಥ ಗೊಬ್ಬರ ಹಾಕುವಿಕೆಯನ್ನು ನಿಷೇಧಿಸಿ, ಸಂಶೋಧನೆಗೆ ಮಾತ್ರ ಅನುಮತಿಯ ದಾರಿ ಇಡುವ ತಿದ್ದುಪಡಿಯನ್ನು, ಕಡಲಿಗೆ ಕಸ ಸುರಿಯುವುದನ್ನು ತಡೆಯುವ ಲಂಡನ್ ಒಡಂಬಡಿಕೆಯ ದೇಶಗಳು 2013ರಲ್ಲಿ ಅಂಗೀಕರಿಸಿದವು. ಸಾಕಷ್ಟು ದೇಶಗಳು ಅನುಮೋದಿಸದ ಕಾರಣ ಅದು ಜಾರಿಗೆ ಬಂದಿಲ್ಲ. ಈ ನಡುವೆ ಕಡಲಿನಲ್ಲಿ ಇಂಗಾಲ ಮುಳುಗಿಸಿ ಅದರ ಲೆಕ್ಕವನ್ನು ಮಾರುವ ಯೋಜನೆಗಳು ಹೆಚ್ಚುತ್ತಿವೆ. ಅಂಥವರು ಉಪಗ್ರಹ ಚಿತ್ರದ ಹಸಿರನ್ನು ಮುಂದಿಟ್ಟರೆ ಒಪ್ಪಬಾರದು. ಸಾವಿರ ಮೀಟರ್ ಆಳದ ಅಳತೆಯನ್ನೇ ಕೇಳಬೇಕು.